ಕೆಂಚನ ಪಥ್ಯ

ಗಿರಾಕಿಯೊಬ್ಬರು ಮೂರು ದಿನದ ಹಿಂದೆ ಒಯ್ದಿದ್ದ ಅಕ್ಕಿಯನ್ನು ವಾಪಸು ತಂದು, ಅಂಗಡಿಯ ಹಲಗೆಯ ಮೇಲಿಟ್ಟು, ಅದರೊಳಗಿಂದ ಎರಡು ಕೆಂಪು ಕೂದಲು ಎತ್ತಿ ತೋರಿಸಿದ ದಿನದಿಂದ ಬಸವಣ್ಣನವರ ಮನೆಯಲ್ಲಿ ನಾಯಿಯ ವಿಚಾರ ಶುರುವಾಯಿತು. ಅದಕ್ಕೆ ಮುಂಚೆ ಅದೊಂದು ವಿಚಾರವೇ ಆಗಿರಲಿಲ್ಲ. ನಾಯಿ ತನ್ನ ಪಾಡಿಗೆ ಕೆರೆದುಕೊಳ್ಳುತ್ತಿತ್ತು, ಮನೆಯವರು ತಮ್ಮ ಪಾಡಿಗೆ ಮದ್ದು ಹಚ್ಚುತ್ತಿದ್ದರು.

ಅದು ಎರಡು ಸಾವಿರದ ಎರಡನೇ ಇಸವಿ. ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ನಂಜನಗೂಡಿನ ಪೇಟೆಯ ಹಿಂದಿನ ಬೀದಿಯಲ್ಲಿ ಬಸವಣ್ಣನವರದು ಉದ್ದನೆಯ ಮನೆ. ಮುಂದಿನ ಕೋಣೆಯೇ ದಿನಸಿ ಅಂಗಡಿ. ಅದನ್ನು ದಾಟಿದರೆ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಿಲಿಗೆ ತೆರೆದುಕೊಂಡ ಪೂಜೆಕೋಣೆ. ಮನೆಯಲ್ಲಿ ಬಸವಣ್ಣ, ಅವರ ಹೆಂಡತಿ ಮಲ್ಲಾಜಮ್ಮ, ತಾಂಡ್ಯದ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುವ ಮಗ ಶಿವರಾಜು, ಸೊಸೆ ನಯನ, ಆರು ವರ್ಷದ ಮೊಮ್ಮಗಳು ಪುಟ್ಟಿ. ಇವರೈವರ ನಡುವೆ ಈ ಕೆಂಚ.

ಕೆಂಚ ನಯನಳ ಜೊತೆ ಬಂದ ನಾಯಿ ಎಂದು ಬೀದಿಯವರು ಹೇಳುತ್ತಿದ್ದರು. ಮದುವೆಯಲ್ಲಿ ಬಂದದ್ದಲ್ಲ. ಮೂರು ವರ್ಷದ ಹಿಂದೆ ಹೆಮ್ಮಿಗೆಯಲ್ಲಿ ಅವಳ ಅಪ್ಪ ಪುಟ್ಟಬಸವಯ್ಯ ತೀರಿಕೊಂಡರು. ತಾಯಿ ರುದ್ರಮ್ಮ ಕೊಳ್ಳೇಗಾಲದ ಹಿರಿಮಗಳ ಮನೆ ಸೇರಿದರು. ಜಮೀನು ಬೇರೆಯವರ ಉಳುಮೆಗೆ ವಾರಕ್ಕೆ ಹೋಯಿತು, ಮನೆಗೆ ಬೀಗ ಬಿತ್ತು. ಹನ್ನೊಂದನೇ ದಿನ ಕಳೆದು ನಯನ ಹೊರಟು ನಿಂತಾಗ ಬೀಗ ಹಾಕಿದ ಬಾಗಿಲ ಮುಂದೆ ಈ ಕೆಂಪು ನಾಯಿ ಮಲಗಿಕೊಂಡು ಯಾರು ಕರೆದರೂ ಏಳಲಿಲ್ಲ. ಅವಳು ಅದನ್ನು ಒಣಹುಲ್ಲು ಸಾಗಿಸುವ ಲಗೇಜು ಆಟೋದಲ್ಲಿ ಹಾಕಿಕೊಂಡು ಬಂದಿದ್ದಳು. ತವರು ಎಂದು ಹೇಳಿಕೊಳ್ಳಲು ಅವಳಿಗೆ ಉಳಿದಿದ್ದದ್ದು ಅದೊಂದೇ. ಈ ಮಾತನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರೇನೋ.

ಈಗ ಆ ತವರಿನ ಕುತ್ತಿಗೆ, ಹೊಟ್ಟೆ, ಬಾಲದ ಬುಡ ಎಲ್ಲ ಬೋಳಾಗಿ, ಚರ್ಮ ಒಣಗಿ ಹೊಟ್ಟು ಉದುರುತ್ತಿತ್ತು. ಮಲ್ಲಾಜಮ್ಮ ಹೊಂಗೆ ಎಣ್ಣೆಗೆ ಅರಿಶಿನ ಕಲಸಿ ಬಳಿದಿದ್ದರು. ಬಸವಣ್ಣ ಗಂಧಕದ ಪುಡಿ ಹಚ್ಚಿಸಿದ್ದರು. ನಯನ ವಾರಕ್ಕೆ ಮೂರು ಸಲ ಸೀಗೆಪುಡಿ ಹಾಕಿ ಉಜ್ಜಿ ಮೀಯಿಸುತ್ತಿದ್ದಳು. ಒಬ್ಬೊಬ್ಬರ ವೈದ್ಯಕ್ಕೂ ಒಂದೊಂದು ಹಿಡಿ ಕೂದಲು ಉದುರಿತು.

"ಅಂಗಡೀಲಿ ಅಕ್ಕಿ ಮಾರ್ಬೇಕೋ ನಾಯಿ ಕೂದ್ಲು ಮಾರ್ಬೇಕೋ ನೀವೇ ಹೇಳಿ," ಎಂದರು ಬಸವಣ್ಣ ಆ ಸಂಜೆ ಊಟಕ್ಕೆ ಕೂತಾಗ. "ಮುಡುಕುತೊರೆ ಗುರುಮಲ್ಲಪ್ಪ ಬಾಳೆ ತೋಟಕ್ಕೆ ಒಂದು ನಾಯಿ ಬೇಕು ಅಂತಿದ್ದ. ಅವನಿಗೆ ಹೇಳಿಬಿಡ್ತೀನಿ."

ನಯನ ಸಾರಿನ ಸೌಟು ಹಿಡಿದು ನಿಂತವಳು ಬಡಿಸುವುದನ್ನೇ ಮರೆತಳು. ಶಿವರಾಜು ತಲೆ ಎತ್ತದೆ, "ಅಪ್ಪಾಜಿ, ದನದ ಡಾಕ್ಟ್ರಿಗೆ ಒಂದ್ಸಲ ತೋರ್ಸಿಬಿಡೋಣ," ಎಂದ.

"ತೋರ್ಸು. ದೀಪಾವಳಿವರೆಗೆ ಟೈಮು. ದೀಪಾವಳಿ ದಿನ ಅದು ಹಿಂಗೇ ಇದ್ರೆ ಗುರುಮಲ್ಲಪ್ಪ ಬಂದು ಕರ್ಕೊಂಡು ಹೋಗ್ತಾನೆ. ಆಮೇಲೆ ಯಾರೂ ಮುಖ ಊದಿಸ್ಕೊಂಡು ಕೂರಬಾರದು."

ಯಾರೂ ಅಂದರೆ ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ನಯನ ಮಾವನ ಅನ್ನದ ಮೇಲೆ ಸಾರು ಹಾಕಿದಳು.

ದನದ ಆಸ್ಪತ್ರೆಯ ಡಾಕ್ಟರು ಇನ್ನೂ ಸಣ್ಣ ವಯಸ್ಸಿನವರು. ಕೆಂಚನ ಚರ್ಮವನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ಗಾಜಿನ ಮೇಲೆ ಹಾಕಿ ನೋಡಿದರು. ಕಿವಿ ಮಗುಚಿ ನೋಡಿದರು.

"ಕಜ್ಜಿ ಅಲ್ಲ, ಹುಳ ಇಲ್ಲ. ಊಟಕ್ಕೇನು ಹಾಕ್ತೀರಮ್ಮ?"

"ಮನೇಲಿ ಏನು ಮಾಡಿರ್ತೀವೋ ಅದೇ ಸಾ. ಅನ್ನ ಸಾರು, ಮೊಸರನ್ನ, ಹಾಲು, ಚಪಾತಿ."

"ಮೊಟ್ಟೆ? ಮೀನು?"

ನಯನ ಗಂಡನ ಮುಖ ನೋಡಿದಳು. "ನಮ್ಮನೇಲಿ ಆಗಲ್ಲ ಸಾ," ಎಂದ ಶಿವರಾಜು. ಡಾಕ್ಟರು ಅವನ ಹಣೆಯ ವಿಭೂತಿಯನ್ನು ಒಮ್ಮೆ ನೋಡಿ, ಆ ಮಾತನ್ನು ಅಲ್ಲಿಗೇ ಬಿಟ್ಟರು.

"ಸರಿ. ಚರ್ಮ ಒಣಗಿದೆ, ಎಣ್ಣೆ ಅಂಶ ಸಾಲದು. ಅದು ಒಂದು. ಇನ್ನೊಂದು, ತಿನ್ನೋದರಲ್ಲಿ ಯಾವುದೋ ಇದಕ್ಕೆ ಒಗ್ತಾ ಇಲ್ಲ. ನನ್ನ ಅನುಮಾನ ಹಾಲು, ಇಲ್ಲಾ ಗೋಧಿ. ಅದು ಗೊತ್ತಾಗ್ಬೇಕಾದ್ರೆ ಎಂಟು ವಾರ ಪಥ್ಯ ಮಾಡ್ಬೇಕು. ಹುರುಳಿ ಹಾಕಿದ್ದೀರಾ ಯಾವತ್ತಾದ್ರೂ?"

"ಇಲ್ಲ ಸಾ."

ಡಾಕ್ಟರು ಚೀಟಿ ಬರೆದರು. ರಾಗಿಹಿಟ್ಟಿನ ಗಟ್ಟಿ ಅಂಬಲಿ, ನುಣ್ಣಗೆ ಬೇಯಿಸಿ ಮಸೆದ ಹುರುಳಿ, ಒಂದು ಹೋಳು ಸಿಹಿಗುಂಬಳ, ಮೇಲೆ ಒಂದು ಚಮಚ ಹುಚ್ಚೆಳ್ಳೆಣ್ಣೆ. ಉಪ್ಪಿಲ್ಲ, ಖಾರವಿಲ್ಲ, ಈರುಳ್ಳಿಯಂತೂ ಕೂಡದು. ಸೀಗೆಪುಡಿ ಬಂದ್. ಹದಿನೈದು ದಿನಕ್ಕೊಂದು ಸಲ ಬರೀ ನೀರಿನ ಸ್ನಾನ.

"ಇದು ಬಿಟ್ಟು ಬೇರೆ ಏನೂ ಬಾಯಿಗೆ ಹೋಗಬಾರದು. ಒಂದು ಬಿಸ್ಕತ್ತು ಕೊಟ್ರೂ ಮೊದಲಿಂದ ಲೆಕ್ಕ ಹಿಡೀಬೇಕಾಗುತ್ತೆ. ಮನೇಲಿ ಎಲ್ಲರಿಗೂ ಹೇಳಿ," ಎಂದರು.

ನಯನ ಮನೆಯಲ್ಲಿ ಎಲ್ಲರಿಗೂ ಹೇಳಿದಳು. ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅನ್ನದಗುಳಿನಲ್ಲಿ ಅಂಟಿಸಿದಳು. ಮಲ್ಲಾಜಮ್ಮನಿಗೆ ಓದು ಬರುತ್ತಿರಲಿಲ್ಲ, ಮೊಮ್ಮಗಳ ಕೈಯಲ್ಲಿ ಓದಿಸಿಕೊಂಡರು.

"ಉಳ್ಳಿ ಬೇಸಿ ನಾಯಿಗಾ? ಎತ್ತಿಗೆ ಬೇಸೋದ ಕಂಡಿದ್ದೆ. ಅದ್ಕೆ ಉಚ್ಚೆಳ್ಳೆಣ್ಣೆ ಬ್ಯಾರೆ. ನಮ್ಮ ಬಾಣಂತನಕ್ಕೂ ಇಷ್ಟು ಮಾಡ್ಲಿಲ್ಲ ಯಾರೂ," ಎಂದರು. ಆದರೆ ಹುರುಳಿ ಆರಿಸಿ ಕೊಟ್ಟವರು ಅವರೇ.

ಒಲೆಯ ಮೇಲೆ ನಾಯಿಗೆಂದು ಬೇರೆ ಸಣ್ಣ ಪಾತ್ರೆ ಬಂತು. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಊಟ. ಕೆಂಚ ಮೊದಲ ದಿನ ಮೂಸಿ ನೋಡಿ ಮುಖ ತಿರುಗಿಸಿದ, ಎರಡನೇ ದಿನ ಅರ್ಧ ತಿಂದ, ಮೂರನೇ ದಿನ ತಟ್ಟೆ ನೆಕ್ಕಿದ. ಅವನನ್ನು ಪಥ್ಯಕ್ಕೆ ಹಚ್ಚುವುದು ಸುಲಭವಾಯಿತು. ಕಷ್ಟವಾದದ್ದು ಮನೆಯವರನ್ನು ಹಚ್ಚುವುದು.

ಮೊದಲ ವಾರ ಸಿಕ್ಕಿಬಿದ್ದವಳು ಪುಟ್ಟಿ. ಶಾಲೆಗೆ ಕಟ್ಟಿಕೊಟ್ಟ ಬಿಸ್ಕತ್ತಿನಲ್ಲಿ ದಿನಾ ಎರಡು ಉಳಿಸಿಕೊಂಡು ಬಂದು ಮಂಚದ ಕೆಳಗೆ ಕೊಡುತ್ತಿದ್ದಳು. ಎರಡನೇ ವಾರ ಶಿವರಾಜು. ಶಿಫ್ಟು ಮುಗಿಸಿ ಬಂದು ಟೀ ಅಂಗಡಿಯಲ್ಲಿ ಕೂತರೆ ಕೆಂಚ ಅಲ್ಲಿಗೆ ಹೋಗುತ್ತಿದ್ದ, ಶಿವರಾಜು ಬನ್ನಿನ ತುದಿ ಮುರಿದು ಹಾಕುತ್ತಿದ್ದ.

"ತುದಿ ಅಷ್ಟೇ ಕಣೆ," ಎಂದ ಹೆಂಡತಿಗೆ.

"ತುದೀಲಿ ಗೋಧಿ ಇರಲ್ವೇನ್ರೀ?"

ಮೂರನೇ ವಾರ ಸ್ವತಃ ಬಸವಣ್ಣ ಸಿಕ್ಕರು. ನಾಯಿಯನ್ನು ಮನೆಯಿಂದ ದಾಟಿಸಬೇಕೆಂದು ಗಡುವು ಹಾಕಿದವರು, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹುರಿಗಡಲೆ ಡಬ್ಬಿಗೆ ಕೈ ಹಾಕಿ ನಾಲ್ಕು ತಮ್ಮ ಬಾಯಿಗೂ ನಾಲ್ಕು ಅದರ ಬಾಯಿಗೂ ಎಸೆಯುತ್ತಿದ್ದರು. ನಯನ ಪರದೆ ಸರಿಸಿ ನಿಂತದ್ದು ನೋಡಿ, "ಬಿದ್ದುಹೋಯ್ತು ಕಣಮ್ಮ, ಕೈಜಾರಿ," ಎಂದರು. ಹುರಿಗಡಲೆ ನಾಲ್ಕು ನಾಲ್ಕು ಒಟ್ಟಿಗೆ, ಅದೂ ನೇರ ನಾಯಿಯ ಬಾಯಿಗೆ ಕೈಜಾರುವುದನ್ನು ಅವಳು ಅದೇ ಮೊದಲು ನೋಡಿದ್ದು.

ಅಂತೂ ಮೂರು ವಾರಕ್ಕೆ ಎಲ್ಲರ ಕೈಯೂ ನಿಂತಿತು. ಅಂಗಡಿಗೆ ನಾಯಿ ಹೋಗದ ಹಾಗೆ ಶಿವರಾಜು ಅಡ್ಡ ಹಲಗೆ ಹೊಡೆದ. ಪುಟ್ಟಿಯ ಬಿಸ್ಕತ್ತು ಬಂದ್ ಆಗಿ ಅವಲಕ್ಕಿ ಬಂತು. ನಯನ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆದಳು.

ಕೆಂಚ ಮಾತ್ರ ಕೆರೆದುಕೊಳ್ಳುವುದನ್ನು ಬಿಡಲಿಲ್ಲ. ಎಣ್ಣೆಯಿಂದಲೋ ಏನೋ ಬೆನ್ನಿನ ಕೂದಲಿಗೆ ಸ್ವಲ್ಪ ಹೊಳಪು ಬಂದಿತ್ತು. ಕುತ್ತಿಗೆ, ಹೊಟ್ಟೆ ಮಾತ್ರ ಹಾಗೇ ಇದ್ದವು. ಆರನೇ ವಾರದಲ್ಲಿ ಕುತ್ತಿಗೆಯ ಹತ್ತಿರ ಕೆರೆದು ಕೆರೆದು ರಕ್ತ ಬಂತು.

"ಆರು ವಾರ ಆಯ್ತು. ಏನಂತೀರ?" ಎಂದರು ಬಸವಣ್ಣ ಊಟದ ಹೊತ್ತಿಗೆ.

"ಯಾರೋ ಇನ್ನೂ ಏನೋ ಕೊಡ್ತಾ ಇದ್ದಾರೆ ಮಾವ," ಎಂದಳು ನಯನ.

ಮಲ್ಲಾಜಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಯಾರೋ ಅಂದ್ರೆ? ಪುಟ್ಟಿ ನಿಲ್ಸ್ತು, ಅವ್ನು ನಿಲ್ಸ್ದ, ಇವ್ರು ನಿಲ್ಸಿದ್ರು. ಉಳಿದೋರು ನಾನು, ನೀನು. ಅಡಿಗೆಮನೆ ನಿನ್ನ ಕೈಲದೆ. ನಿಂಗೇ ಕರುಳು ತಡೀದೆ ಕದ್ದು ಆಕ್ತಿರ್ಬೇಕು."

"ನಾನ್ಯಾಕೆ ಹಾಕ್ಲಿ ಅತ್ತೆ? ಅದು ಹೋಗ್ಬಾರದು ಅಂತ ಒದ್ದಾಡ್ತಿರೋಳು ನಾನು."

"ಅದ್ಕೇ ಅಂದದ್ದು ಕರುಳು ತಡೀದೆ ಅಂತ."

ನಯನಳ ಕಣ್ಣು ತುಂಬಿತು. ಇಷ್ಟು ದಿನ ಎರಡು ಒಲೆ ಹಚ್ಚಿ, ಎರಡು ಅಡುಗೆ ಮಾಡಿ, ಕೊನೆಗೆ ಕಳ್ಳಿ ಅನ್ನಿಸಿಕೊಂಡದ್ದು ಅವಳಿಗೆ ಸಹಿಸಲಾಗಲಿಲ್ಲ. "ನಿಮ್ಮ ಬಾಯಿಗೆ ಬಂದದ್ದು ನೀವು ಹೇಳಬಹುದು, ನಾನು ಮಾತ್ರ ಏನೂ ಅನ್ನಬಾರದು," ಎಂದುಬಿಟ್ಟಳು. ಈ ಮನೆಯಲ್ಲಿ ಅವಳು ಆಡಿದ್ದರಲ್ಲಿ ಅದೇ ದೊಡ್ಡ ಮಾತು.

"ಸಾಕು," ಎಂದರು ಬಸವಣ್ಣ. "ಇಬ್ರೂ ಕೊರಳ ಲಿಂಗ ಮುಟ್ಟಿ ಹೇಳಿ. ಮುಗೀತು."

"ಒಂದು ನಾಯಿಗೆ ಲಿಂಗದ ಮೇಲೆ ಆಣೆನಾ ಅಪ್ಪಾಜಿ?" ಎಂದ ಶಿವರಾಜು.

"ನಾ ಇಡ್ತೀನಿ. ನಂಗೇನ್ ಭಯ?" ಮಲ್ಲಾಜಮ್ಮ ಎಡಗೈಯಿಂದ ಸೆರಗು ಸರಿಸಿ ಕೊರಳ ಲಿಂಗದ ಕರಡಿಗೆ ಹಿಡಿದುಕೊಂಡರು. "ಗೌರಿ ಅಬ್ಬದಿಂದ ಈಚ್ಗೆ ಆ ನಾಯಿಗೆ ನನ್ನ ಕೈಯಿಂದ ಒಂದು ಅಗುಳು ಊಟ ಓಗಿಲ್ಲ. ಈಗ ಅವ್ಳು ಹೇಳ್ಲಿ."

ನಯನಳೂ ಮುಟ್ಟಿ ಹೇಳಿದಳು. ಇಬ್ಬರೂ ಹೇಳಿದ ಮೇಲೆ ಯಾರನ್ನು ನಂಬಬೇಕೆಂದು ಯಾರಿಗೂ ತಿಳಿಯಲಿಲ್ಲ. ಮುದ್ದೆ ತಣ್ಣಗಾಯಿತು.

ಮಾರನೆಯ ದಿನ ಪುಟ್ಟಿಯನ್ನು ಶಾಲೆಗೆ ಬಿಟ್ಟು ನಯನ ಒಬ್ಬಳೇ ಕೆಂಚನನ್ನು ಹಗ್ಗದಲ್ಲಿ ಹಿಡಿದು ದನದ ಆಸ್ಪತ್ರೆಗೆ ಹೋದಳು.

"ಬೇರೆ ಏನೂ ಕೊಡ್ತಿಲ್ಲ ಸಾ. ಆಣೆ ಇಟ್ಟು ಹೇಳಿದ್ದಾರೆ ಎಲ್ಲರೂ."

"ನನಗೆ ಆಣೆ ಬೇಡಮ್ಮ. ಬೆಳಿಗ್ಗೆ ಎದ್ದಾಗಿನಿಂದ ಈ ನಾಯಿ ಏನು ಮಾಡುತ್ತೆ, ಸುಮ್ನೆ ಹೇಳ್ತಾ ಹೋಗಿ."

"ಐದೂವರೆಗೆ ನಾನು ಬಾಗಿಲಿಗೆ ನೀರು ಹಾಕೋಕೆ ಏಳ್ತೀನಿ ಸಾ. ಅದೂ ಏಳುತ್ತೆ, ಹಿತ್ತಿಲಿಗೆ ಹೋಗಿಬರುತ್ತೆ. ಆಮೇಲೆ ನಮ್ಮತ್ತೆ ಪೂಜೆಗೆ ಕೂತ್ರೆ ಅದೂ ಹೋಗಿ ಬಾಗಿಲ ಹೊರಗೆ ಕೂರುತ್ತೆ. ಪೂಜೆ ಮುಗಿಯೋವರೆಗೂ ಅಲ್ಲಾಡಲ್ಲ ಸಾ, ಅಷ್ಟು ಭಕ್ತಿ. ಪ್ರಸಾದ ತಗೊಂಡು ಬರುತ್ತೆ. ಎಂಟು ಗಂಟೆಗೆ ನಾನು ಹುರುಳಿ..."

"ನಿಲ್ಲಿ. ಏನು ತಗೊಂಡು ಬರುತ್ತೆ?"

"ಪ್ರಸಾದ."

"ಏನು ಪ್ರಸಾದ?"

"ಹಾಲು," ಎಂದಳು ನಯನ. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. "ಅವರಿಗೆ ಹಲ್ಲಿಲ್ಲ. ಹಾಲಲ್ಲಿ ಚಪಾತಿ ನೆನೆಸಿ ಲಿಂಗಕ್ಕೆ ತೋರಿಸಿ ತಗೋತಾರೆ. ಅದರಲ್ಲಿ ಇದಕ್ಕೂ ಒಂದು ತುತ್ತು."

"ದಿನಾ?"

"ದಿನಾ ಸಾ. ಮೂರು ವರ್ಷದಿಂದ."

ಡಾಕ್ಟರು ಪೆನ್ನು ಕೆಳಗಿಟ್ಟರು.

ನಯನ ಮುಚ್ಚಿಟ್ಟಿರಲಿಲ್ಲ. ಮಲ್ಲಾಜಮ್ಮನೂ ಮುಚ್ಚಿಟ್ಟಿರಲಿಲ್ಲ. ಹಿತ್ತಿಲ ಬಾಗಿಲಲ್ಲಿ ದಿನಾ ಬೆಳಿಗ್ಗೆ ಹಾಡಹಗಲೇ ನಡೆಯುತ್ತಿದ್ದದ್ದನ್ನು ಶಿವರಾಜು ಹಲ್ಲುಜ್ಜುತ್ತ ನೋಡಿದ್ದ, ಬಸವಣ್ಣ ಸ್ನಾನಕ್ಕೆ ಹೋಗುತ್ತ ನೋಡಿದ್ದರು, ಪುಟ್ಟಿ ತನ್ನ ಪಾಲಿಗೆ ಕೈಯೊಡ್ಡುತ್ತ ನೋಡಿದ್ದಳು. ಆದರೆ ಆ ಮನೆಯಲ್ಲಿ ಪ್ರಸಾದ ಎನ್ನುವುದು ವಿಭೂತಿ, ದೀಪ, ಪತ್ರೆಯ ಜೊತೆಗಿನ ಪದಾರ್ಥವಾಗಿತ್ತೇ ಹೊರತು ಅನ್ನ ಸಾರಿನ ಜೊತೆಗಿನದಲ್ಲ. ಉಪವಾಸದ ದಿನ ಮಲ್ಲಾಜಮ್ಮ, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಪ್ರಸಾದ ತಗೊಂಡೆ ಅಷ್ಟೆ," ಎನ್ನುತ್ತಿದ್ದರು. ಕೇಳಿದವರೆಲ್ಲ ಹೌದು ಎನ್ನುತ್ತಿದ್ದರು.

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಇಷ್ಟು ದಿನ ಮಾಡಿದ್ದೆಲ್ಲ ವ್ಯರ್ಥ ಅಮ್ಮ. ಅದನ್ನು ನಿಲ್ಲಿಸಿ, ಮತ್ತೆ ಮೊದಲಿಂದ ಎಂಟು ವಾರ," ಎಂದರು.

ದೀಪಾವಳಿಗೆ ಉಳಿದಿದ್ದದ್ದು ಎರಡು ವಾರ. ಅದಕ್ಕಿಂತ ದೊಡ್ಡ ಚಿಂತೆ ಬೇರೆ. ನೀವು ಕೊಡುವ ಪ್ರಸಾದದಿಂದಲೇ ಇದಕ್ಕೆ ತುರಿಕೆ ಎಂದು ಅತ್ತೆಗೆ ಹೇಳುವುದು ಹೇಗೆ? ಲಿಂಗ ಮುಟ್ಟಿ ಹೇಳಿದ ಮಾರನೇ ದಿನವೇ ಹೇಳುವುದು ಹೇಗೆ? ದಾರಿಯುದ್ದಕ್ಕೂ ನಯನ ಮಾತು ಜೋಡಿಸಿದಳು. ಮನೆ ಮುಟ್ಟುವ ಹೊತ್ತಿಗೆ ಒಂದೂ ಉಳಿಯಲಿಲ್ಲ.

ಅವಳು ಹೇಳಲಿಲ್ಲ. ಬೆಳಗಿನ ಹೊತ್ತು ಕೆಂಚನನ್ನು ಮುಂಬಾಗಿಲ ಕಂಬಕ್ಕೆ ಕಟ್ಟಿಹಾಕಿದಳು. ಮೊದಲ ದಿನ ಅದು ಕುಂಯ್‌ಗುಟ್ಟಿತು. ಎರಡನೇ ದಿನ ಬೊಗಳಿತು. ಮೂರನೇ ದಿನ ಹಿತ್ತಿಲಲ್ಲಿ ಗಂಟೆಯ ಸದ್ದು ಕೇಳುತ್ತಲೇ ಮೂತಿ ಮೇಲೆತ್ತಿ ಊಳಿಟ್ಟಿತು. ಹಬ್ಬದ ಮುಂದೆ ನಾಯಿ ಊಳಿಡುವುದೇ ಎಂದು ಎದುರು ಮನೆಯ ಮಂಚಮ್ಮ ಹೊರಗೆ ಬಂದು ನೋಡಿದರು.

ಪೂಜೆ ಮುಗಿಸಿ ಮಲ್ಲಾಜಮ್ಮ ತಟ್ಟೆ ಹಿಡಿದುಕೊಂಡೇ ಮುಂಬಾಗಿಲಿಗೆ ಬಂದರು. "ಯಾಕ್ ಕಟ್ಟಿದ್ದೀಯ ಅದ?"

"ಡಾಕ್ಟ್ರು ಹೇಳಿದ್ದಾರೆ ಅತ್ತೆ."

"ಪೂಜೆ ಒತ್ನಲ್ಲೇ ಕಟ್ಟಾಕು ಅಂತ ಹೇಳವ್ರ?"

ಇನ್ನು ಸುಳ್ಳು ಹೇಳಲಾಗಲಿಲ್ಲ. ನಯನ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಅತ್ತೆಯ ಮುಖ ನೋಡದೆ, ಅವರ ಕೈಯ ತಟ್ಟೆಯನ್ನೇ ನೋಡುತ್ತ ಹೇಳಿದಳು.

"ಪ್ರಸಾದ ತಿಂದು ಮೈ ಕೆಟ್ಟೋಯ್ತು ಅಂತೀಯ?"

"ಪ್ರಸಾದ ಅಂತಲ್ಲ ಅತ್ತೆ. ಅದರಲ್ಲಿರೋ ಹಾಲು, ಗೋಧಿ."

"ಲಿಂಗಕ್ಕೆ ತೋರ್ಸಿದ ಮ್ಯಾಲೆ ಅದು ಹಾಲೂ ಅಲ್ಲ, ಗೋಧಿನೂ ಅಲ್ಲ."

"ನಮಗೆ ಅಲ್ಲ ಅತ್ತೆ. ಅದರ ಹೊಟ್ಟೆಗೆ ಹಾಲೇ."

ಮಲ್ಲಾಜಮ್ಮ ಕಂಬಕ್ಕೆ ಕಟ್ಟಿದ್ದ ನಾಯಿಯ ಕಡೆ ನೋಡಿದರು. "ಪೂಜೆಗೆ ಕೂತೋರ ಬರಿಗೈಲಿ ಎಬ್ಸಬಾರ್ದು ಅಂತ ನನ್ನತ್ತೆ ಹೇಳ್ಕೊಟ್ಟಿದ್ರು. ಅದು ಬಂದ ಮಾರ್ನೇ ದಿನವೇ ಬಂದು ಕೂತ್ಕತು. ನಾಯಿ ಅಂತ ಎಬ್ಸಾಕಾಯ್ತದ?" ಎಂದರು. ಆಮೇಲೆ, "ಹಂಗಾದ್ರೆ ನಾನು ಲಿಂಗ ಮುಟ್ಟಿ ಸುಳ್ಳೇಳ್ದೆ ಅಂತಾಯ್ತು."

ಅಂಗಡಿಯ ಪರದೆಯ ಹತ್ತಿರ ಬಸವಣ್ಣ ಬಂದು ನಿಂತಿದ್ದರು. "ಸುಳ್ಳು ಯಾಕಾಗುತ್ತೆ? ನಾವೂ ದಿನಾ ನೋಡಿದ್ವಿ. ನಮಗೂ ಹೊಳೀಲಿಲ್ಲ."

"ನೀವ್ ಆಣೆ ಇಟ್ಟಿಲ್ಲ. ಇಡ್ಸಿದ್ರಿ. ಇಟ್ಟೋಳು ನಾನು."

ಬಸವಣ್ಣ ಅಂಗಡಿಯಲ್ಲಿ ಯಾರೋ ಕರೆದ ಹಾಗಾಯಿತೆಂದು ಒಳಗೆ ಹೋದರು. ಅಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಮಲ್ಲಾಜಮ್ಮ ಪೂಜೆಕೋಣೆಯ ಬಾಗಿಲು ಹಾಕಿಕೊಂಡು ಕೂರತೊಡಗಿದರು. ಲಿಂಗಕ್ಕೆ ನೀರು, ಪತ್ರೆ, ವಿಭೂತಿ ಅಷ್ಟೆ. ಹಾಲಿಲ್ಲ, ಚಪಾತಿಯಿಲ್ಲ. ನಾಯಿಗೆ ಕೊಡಲಾಗದ್ದನ್ನು ತಾವೂ ತೆಗೆದುಕೊಳ್ಳುವುದಿಲ್ಲ ಎಂದು ಹಟ. ಸೊಸೆಯ ಜೊತೆ ಬೇಕಾದಷ್ಟೇ ಮಾತು. ನಯನಳಿಗೆ ಗೆದ್ದೆ ಎಂದೇನೂ ಅನ್ನಿಸಲಿಲ್ಲ. ಅವಳಿಗೆ ಸಿಟ್ಟೂ ಇತ್ತು, ಆ ಸಿಟ್ಟಿನ ಮೇಲೆ ಸಂಕಟವೂ ಇತ್ತು. ಬೆಳಿಗ್ಗೆ ಹತ್ತು ಗಂಟೆಯವರೆಗೆ ಹೊಟ್ಟೆಗಿಲ್ಲದೆ ಓಡಾಡುವ ಮುದುಕಿಯನ್ನು ನೋಡಿ ಅವಳೇ ಒಂದು ದಿನ, "ಒಂದು ಲೋಟ ಕಾಫಿನಾದ್ರೂ ಕುಡೀರಿ ಅತ್ತೆ," ಎಂದಳು. "ನೋಡಾನ," ಎಂದರು ಮಲ್ಲಾಜಮ್ಮ. ನೋಡಲಿಲ್ಲ.

ಇನ್ನೊಂದು ಸಂಜೆ ನಯನ ಗಂಡನ ಜೊತೆ ಮಾತೆತ್ತಿದಳು.

"ರೀ, ಮಾವನಿಗೆ ಹೇಳಿ. ಕಾರಣ ಗೊತ್ತಾಯ್ತಲ್ಲ. ಇನ್ನೆಂಟು ವಾರ ಇಟ್ಕೊಳ್ಳೋಣ ಅಂತ."

"ಹೇಳ್ದೆ. ಗುರುಮಲ್ಲಪ್ಪನಿಗೆ ಮಾತು ಕೊಟ್ಟಾಗಿದೆ ಅಂತಾರೆ. ಅಂಗಡಿ ಹೆಸರು ಕೆಟ್ಟಿದೆ ಅಂತಾರೆ. ಅವರದ್ದೂ ತಪ್ಪಿಲ್ಲ ಕಣೆ."

"ಯಾರದ್ದೂ ತಪ್ಪಿಲ್ಲ. ನಾಯಿ ಮಾತ್ರ ಹೋಗ್ಬೇಕು."

ದೀಪಾವಳಿ ಸೋಮವಾರ ಬಂತು. ಹಿಂದಿನ ದಿನವೇ ನಯನ ಕೆಂಚನ ತಟ್ಟೆ, ಹಾಸುವ ಗೋಣಿ, ಒಂದು ಸೀಸೆ ಹುಚ್ಚೆಳ್ಳೆಣ್ಣೆ ಎಲ್ಲ ಒಂದು ಕೈಚೀಲಕ್ಕೆ ಹಾಕಿಟ್ಟಿದ್ದಳು. ಚೀಟಿಯನ್ನು ಗೋಡೆಯಿಂದ ಕಿತ್ತು ಅದನ್ನೂ ಹಾಕಿದಳು. ಬಾಳೆ ತೋಟದಲ್ಲಿ ಯಾರೂ ಹುರುಳಿ ಬೇಯಿಸಿ ಹಾಕುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಹಬ್ಬದ ಬೆಳಿಗ್ಗೆ ನಾಯಿಯನ್ನು ಕಟ್ಟಲಿಲ್ಲ. ಕೊನೇ ದಿನ, ಎಲ್ಲಿ ಬೇಕಾದರೂ ಕೂರಲಿ ಎಂದು ಬಿಟ್ಟಳು. ಅದು ನೆಟ್ಟಗೆ ಹೋಗಿ ಮುಚ್ಚಿದ ಪೂಜೆಕೋಣೆಯ ಮುಂದೆ ಕೂತುಕೊಂಡಿತು.

ನಯನ ಅಡುಗೆಮನೆಗೆ ಬಂದು ನೋಡಿದರೆ ನಾಯಿಯ ಪಾತ್ರೆಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಬೇಯಿಸಿ ಮಸೆದಿಟ್ಟಿದ್ದ ಹುರುಳಿಯಲ್ಲಿ ಎರಡು ಸೌಟಿನಷ್ಟು ಕಡಿಮೆಯಾಗಿತ್ತು.

ಗುರುಮಲ್ಲಪ್ಪ ಏಳು ಗಂಟೆಗೆಲ್ಲ ಲಗೇಜು ಆಟೋ ನಿಲ್ಲಿಸಿಕೊಂಡು, ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡು ಬಂದ. "ಎಲ್ಲಣ್ಣಾರೆ ನಾಯಿ?" ಎಂದ. ಬಸವಣ್ಣ ಒಳಗೆ ಕೈ ತೋರಿಸಿದರು. ಅವನು 'ಅವ್ವಾ' ಎಂದು ಕರೆಯುತ್ತ ನಡುಮನೆ ದಾಟುವುದಕ್ಕೂ ಪೂಜೆಕೋಣೆಯ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಮಲ್ಲಾಜಮ್ಮ ಹಣೆತುಂಬ ವಿಭೂತಿ ಹಚ್ಚಿಕೊಂಡು, ತಟ್ಟೆ ಹಿಡಿದು ಹೊರಗೆ ಬಂದರು. ಬಾಗಿಲಲ್ಲೇ ಬಗ್ಗಿ ಕೆಂಚನ ಮುಂದೆ ಒಂದು ತುತ್ತು ಇಟ್ಟರು. ಅದು ಒಂದೇ ಬಾಯಿಗೆ ನುಂಗಿತು. ಒಂದು ತುತ್ತು ತಮ್ಮ ಬಾಯಿಗೆ ಹಾಕಿಕೊಂಡರು. ಆಮೇಲೆ ಗುರುಮಲ್ಲಪ್ಪನ ಕಡೆ ತಿರುಗಿ, "ಕೈ ಒಡ್ಡಪ್ಪ, ಪ್ರಸಾದ," ಎಂದರು.

ಅವನು ಹಗ್ಗವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಒಡ್ಡಿದ, ಕಣ್ಣಿಗೊತ್ತಿಕೊಂಡ, ಬಾಯಿಗೆ ಹಾಕಿಕೊಂಡ. ಅಗಿಯುವುದು ನಿಧಾನವಾಯಿತು.

"ಇದೇನವ್ವಾರೆ, ಉಪ್ಪಿಲ್ಲ ಉಳಿ ಇಲ್ಲ, ಎಣ್ಣೆ ವಾಸ್ನೆ ಬತ್ತದೆ?"

"ಉಚ್ಚೆಳ್ಳೆಣ್ಣೆ ಕಣಪ್ಪ. ಚರ್ಮಕ್ಕೆ ಒಳ್ಳೇದಂತೆ."

ಬಸವಣ್ಣ ಹಿಂದೆಯೇ ಬಂದಿದ್ದರು. ಅವರ ಕೈಗೂ ಒಂದು ತುತ್ತು ಬಿತ್ತು. ಪ್ರಸಾದವನ್ನು ಉಗುಳುವ ಹಾಗಿಲ್ಲ. ನುಂಗಿದರು. "ಏನಿದು ಹೊಸ ನೇಮ?" ಎಂದರು.

"ಲಿಂಗಕ್ಕೆ ಇನ್ ಮ್ಯಾಲೆ ಇದೇ. ಇವತ್ತಿಂದ ಲೆಕ್ಕ. ಮೊದ್ಲ ಪಥ್ಯ ಕೆಡಿಸ್ದೋಳು ನಾನು, ಎಂಟು ವಾರ ನಂಗೆ ಕೊಡಿ."

"ಇವನಿಗೆ ಮಾತು ಕೊಟ್ಟಿದ್ದೀನಲ್ಲೇ."

"ನೀವು ಮಾತು ಕೊಟ್ಟೀರಿ, ನಾನು ಆಣೆ ಇಟ್ಟೀನಿ. ಯಾವ್ದು ದೊಡ್ಡದು ನೀವೇ ಹೇಳಿ."

ಬಸವಣ್ಣ ಕುತ್ತಿಗೆ ಕೆರೆದುಕೊಂಡರು. ಆ ಮನೆಯಲ್ಲಿ ಅದು ಅಂಟುರೋಗವೇನೋ ಎಂದು ಗುರುಮಲ್ಲಪ್ಪನಿಗೆ ಅನ್ನಿಸಿರಬೇಕು. "ಬುಡಿ ಅಣ್ಣಾರೆ, ಅಬ್ಬದ ದಿನ ಯಾಕೆ. ನಂಗೆ ಬ್ಯಾರೆ ನಾಯಿ ಸಿಕ್ತದೆ," ಎಂದು ಹಗ್ಗವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಬಾಯಿ ತೊಳೆಯಲು ಒಂದು ಚೊಂಬು ನೀರು ಕೇಳಿದ.

ನಯನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಅವಳ ಹತ್ತಿರವೂ ಬಂದರು. ಅವಳು ಕೈಯೊಡ್ಡಿದಳು. ಬಾಯಿಗೆ ಹಾಕಿಕೊಂಡಾಗ ಅಳು ಬಂದುಬಿಟ್ಟಿತು, ಉಪ್ಪಿಲ್ಲದ ಹುರುಳಿಗೆ ಸ್ವಲ್ಪ ಉಪ್ಪೂ ಸೇರಿತು. "ಅಳೂದ್ಯಾಕೆ, ಅಷ್ಟೇನ್ ಕೆಟ್ಟದಾಗಿಲ್ಲ," ಎಂದರು ಮಲ್ಲಾಜಮ್ಮ.

ಹೀಗೆ ಬಸವಣ್ಣನವರ ಮನೆಯಲ್ಲಿ ಐದು ಜನರೂ ಒಂದು ನಾಯಿಯೂ ಎಂಟು ವಾರ ಪಥ್ಯ ಮಾಡಿದರು. ದಿನಾ ಬೆಳಿಗ್ಗೆ ಒಂದು ತುತ್ತು, ಯಾರೂ ತಪ್ಪಿಸುವ ಹಾಗಿಲ್ಲ. ಶಿಫ್ಟಿನಿಂದ ಬಂದ ಶಿವರಾಜು, "ಅವ್ವ, ಚೂರು ಉಪ್ಪಾದ್ರೂ ಹಾಕ್ಬಾರ್ದ?" ಎಂದರೆ, "ಅದ್ಕಾಗದ್ದು ಲಿಂಗಕ್ಕೂ ಬ್ಯಾಡ," ಎನ್ನುತ್ತಿದ್ದರು. ಪುಟ್ಟಿ ಮೂಗು ಹಿಡಿದುಕೊಂಡು ನುಂಗುವುದನ್ನು ಕಲಿತಳು. ಬಸವಣ್ಣ ಮಾತ್ರ ಪ್ರಸಾದವಾದ ಕೂಡಲೇ ಅಂಗಡಿಗೆ ಹೋಗಿ ಹುರಿಗಡಲೆ ಡಬ್ಬಿಗೆ ಕೈ ಹಾಕುತ್ತಿದ್ದರು. ಈಗ ಎಲ್ಲವೂ ಅವರ ಬಾಯಿಗೇ.

ಮೂರನೇ ವಾರಕ್ಕೆ ಕೆರೆತ ಕಡಿಮೆಯಾಯಿತು. ಐದನೇ ವಾರಕ್ಕೆ ಕುತ್ತಿಗೆಯ ಬೋಳು ಜಾಗದಲ್ಲಿ ನಸುಗೆಂಪು ಕೂದಲು ಮೊಳೆಯಿತು. ಅದನ್ನು ಮೊದಲು ನೋಡಿದವರು ಬಸವಣ್ಣ. ಮೂರು ಮೂರು ಸಲ ಬೆರಳಾಡಿಸಿ ನೋಡಿ, ಯಾರಿಗೂ ಹೇಳದೆ, ಶಿವರಾಜು ಹೊಡೆದಿದ್ದ ಅಡ್ಡ ಹಲಗೆಯನ್ನು ಕಿತ್ತುಹಾಕಿದರು.

ಸಂಕ್ರಾಂತಿಗೆ ಮುಂಚೆ ನಯನ ದನದ ಆಸ್ಪತ್ರೆಗೆ ಹೊರಟಾಗ ಮಲ್ಲಾಜಮ್ಮ ಒಳಗಿನಿಂದ, "ಇರು, ನಾನೂ ಬತ್ತೀನಿ," ಎಂದರು. ಅವರು ಅದುವರೆಗೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತಿರಲೇ ಇಲ್ಲ. ಒಗೆದ ಸೀರೆ ಉಟ್ಟು, ತಲೆಮೇಲೆ ಸೆರಗು ಹೊದ್ದು, ಎಮ್ಮೆ ಹಿಡಿದುಕೊಂಡು ಬಂದವರ ಸಾಲಿನಲ್ಲಿ ಬೆಂಚಿನ ಮೇಲೆ ನೆಟ್ಟಗೆ ಕೂತರು.

ಡಾಕ್ಟರು ಕೆಂಚನ ಕುತ್ತಿಗೆ, ಹೊಟ್ಟೆ, ಬಾಲದ ಬುಡ ಎಲ್ಲ ಕೂದಲು ಬಿಡಿಸಿ ಬಿಡಿಸಿ ನೋಡಿದರು. ಕಿವಿಯ ಒಳಗೆ ಮಾತ್ರ ಸ್ವಲ್ಪ ಕೆಂಪು ಉಳಿದಿತ್ತು.

"ಪರವಾಗಿಲ್ವೇ," ಎಂದರು. "ಈ ಸಲ ಬೇರೆ ಏನೂ ಕೊಟ್ಟಿಲ್ಲ ತಾನೇ? ನಿಜ ಹೇಳ್ಬೇಕು."

"ಇಲ್ಲ ಸಾ," ಎನ್ನಲು ನಯನ ಬಾಯಿ ತೆರೆದಳು. ಮಲ್ಲಾಜಮ್ಮ ಅವಳ ತೋಳು ಹಿಡಿದು ತಡೆದರು. ಇನ್ನೊಂದು ಕೈ ಸೆರಗಿನೊಳಗೆ ಕರಡಿಗೆಯ ಮೇಲಿತ್ತು.

"ಕೊಟ್ಟೀನಿ ಸ್ವಾಮಿ. ನಾನು ಸುಳ್ಳೇಳಲ್ಲ. ದಿನಾ ಬೆಳಿಗ್ಗೆ ಪ್ರಸಾದ ಕೊಟ್ಟೀನಿ. ಒಂದು ದಿನ ತಪ್ಸಿಲ್ಲ."

ಡಾಕ್ಟರು ನಯನಳ ಮುಖ ನೋಡಿದರು. ನಯನ ನೆಲ ನೋಡಿದಳು. "ಏನು ಪ್ರಸಾದ ಅಮ್ಮ?" ಎಂದರು ಡಾಕ್ಟರು ಸೋತ ದನಿಯಲ್ಲಿ.

"ನೀವೇ ಬರ್ಕೊಟ್ಟಿದ್ರಲ್ಲ," ಎಂದರು ಮಲ್ಲಾಜಮ್ಮ, "ಅದೇ."